ಕಾರಿನ ಸದ್ದು, ಅಮ್ಮನ ಕಿವಿ

ದೊರೆಸ್ವಾಮಿ ಅಯ್ಯಂಗಾರರ ವೀಣೆ ನನ್ನ ಕಾರಿನಲ್ಲಿ ಬನಶಂಕರಿ ಬಸ್ ನಿಲ್ದಾಣದವರೆಗೆ ಕೇಳಿಸುತ್ತಿತ್ತು. ಅಲ್ಲಿಂದ ಮುಂದೆ ಕೇಳಿಸುತ್ತಿರಲಿಲ್ಲ.

ಇದರಲ್ಲಿ ವೀಣೆಯ ತಪ್ಪೇನೂ ಇಲ್ಲ. ಬನಶಂಕರಿ ಎರಡನೇ ಹಂತದ ನಮ್ಮ ಮನೆಯಿಂದ ಬಸ್ ನಿಲ್ದಾಣದವರೆಗೆ ಕಾರು ತೆವಳುತ್ತದೆ. ತೆವಳುವ ಕಾರು ಸದ್ದು ಮಾಡುವುದಿಲ್ಲ. ಸಾರಕ್ಕಿ ಸಿಗ್ನಲ್ ದಾಟಿ ಹೊರವರ್ತುಲ ರಸ್ತೆಗೆ ಬಿದ್ದು, ಬೆಳಗಿನ ಏಳು ಗಂಟೆಯ ಹೊತ್ತಿಗೆ ಐವತ್ತು ಅರವತ್ತರ ವೇಗ ಸಿಕ್ಕಿತೋ, ಆಗ ಕೆಳಗಿನಿಂದ ಗುಂಯ್ ಎಂದು ಶುರುವಾಗುತ್ತದೆ. ಕಾಂಕ್ರೀಟು ಹಾಕಿದ ರಸ್ತೆಯಾದರೆ ಇನ್ನೂ ಒಂದು ಪಟ್ಟು ಜೋರು. ಬನ್ನೇರುಘಟ್ಟ ರಸ್ತೆಯ ಹತ್ತಿರ ಬಂದು ಮತ್ತೆ ತೆವಳತೊಡಗಿದಾಗ ವೀಣೆ ಮರಳಿ ಬರುತ್ತದೆ. ಹೀಗಾಗಿ ರಾಗವೆಲ್ಲ ಬನಶಂಕರಿಯಲ್ಲಿ, ಮೃದಂಗದ ತನಿ ಬಿಟಿಎಂ ಲೇಔಟಿನಲ್ಲಿ. ನಡುವಿನ ತಾನ ಪೂರ್ತಿ ಜೆ.ಪಿ. ನಗರದ ಪಾಲು.

ವೀಣೆ ಮೊದಲೇ ಮೆತ್ತಗಿನ ವಾದ್ಯ. ಅದರಲ್ಲೂ ಮೈಸೂರು ಬಾನಿ. 1997ರಲ್ಲಿ ತೀರಿಕೊಂಡ ದೊರೆಸ್ವಾಮಿ ಅಯ್ಯಂಗಾರರು ಬೆಂಗಳೂರು ಆಕಾಶವಾಣಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ನಮ್ಮ ಅಪ್ಪ ರೇಡಿಯೊ ಮುಂದೆ ಕುಳಿತು ಅವರ ಕಛೇರಿ ಕೇಳುವಾಗ ಮನೆಯಲ್ಲಿ ಯಾರೂ ಪಾತ್ರೆ ಸದ್ದು ಮಾಡುವಂತಿರಲಿಲ್ಲ. ಒಗ್ಗರಣೆಯನ್ನು ಕೂಡ ಮಂಗಳ ಆಗುವವರೆಗೆ ತಡೆಹಿಡಿದ ದಾಖಲೆ ಉಂಟು. ಅಂಥ ಸಂಗೀತವನ್ನು ನಾನು ಟೈರಿನ ಗುಂಯ್‌ಗುಡುವಿಕೆಯಲ್ಲಿ ಕೇಳುತ್ತಿದ್ದೆ. ಕೇಳಿಸದಿದ್ದಾಗ ಸ್ಪೀಕರಿನ ಶಬ್ದ ಏರಿಸುತ್ತಿದ್ದೆ. ಏರಿಸಿದರೆ ಕಾರಿನ ಬಾಗಿಲು ತಾನೂ ಜೊತೆಗೆ ನುಡಿಸುತ್ತೇನೆಂದು ಗಡಗಡ ಎನ್ನುತ್ತಿತ್ತು.

‘ಸ್ಪೀಕರ್ ಬದಲಾಯಿಸಿಬಿಡೋಣ’ ಎಂದು ಹೆಂಡತಿಯ ಮುಂದೆ ಅರ್ಜಿ ಹಾಕಿದೆ.

‘ಹಳದಿ ಮೆಟ್ರೊ ಬಂತಲ್ಲ ರೀ. ಬನಶಂಕರೀಲಿ ಹತ್ತಿ ಆರ್.ವಿ. ರೋಡಲ್ಲಿ ಬದಲಾಯಿಸಿದ್ರೆ ಬಿಟಿಎಂಗೇ ಬಿಡತ್ತೆ. ಕಿವೀಗೆ ಇಯರ್‌ಫೋನ್ ಸಿಕ್ಕಿಸ್ಕೊಂಡು ವೀಣೆ ಕೇಳಿ’ ಅಂದಳು.

ಆಕೆ ಹೇಳಿದ್ದರಲ್ಲಿ ತಪ್ಪಿರಲಿಲ್ಲ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ನನ್ನ ಬ್ಯಾಂಕಿನ ಶಾಖೆಗೆ ಕಾರು ಒಯ್ಯುವುದಕ್ಕೆ ಸಮರ್ಥನೆಯೇ ಉಳಿದಿರಲಿಲ್ಲ. ಆದರೆ ಹುಚ್ಚಿಗೆ ಸಮರ್ಥನೆ ಯಾಕೆ ಬೇಕು? ಒಂದು ಶನಿವಾರ ಜೆ.ಸಿ. ರಸ್ತೆಗೆ ಹೋದೆ.

ಜೆ.ಸಿ. ರಸ್ತೆ ನಿಮಗೆ ಗೊತ್ತೇ ಇದೆ. ಪುರಭವನದಿಂದ ಮಿನರ್ವ ವೃತ್ತದ ಕಡೆಗೆ ಹೋಗುವ ಈ ರಸ್ತೆಗೆ ಜಯಚಾಮರಾಜೇಂದ್ರ ಒಡೆಯರ ಹೆಸರು. ಒಂದು ತುದಿಯಲ್ಲಿ ರವೀಂದ್ರ ಕಲಾಕ್ಷೇತ್ರ. ಅದನ್ನು ಬಿಟ್ಟು ಒಂದಷ್ಟು ದೂರ ನಡೆದರೆ ಸೀಟು ಕವರು, ಕನ್ನಡಿ, ಹಾರ್ನು, ದೀಪ, ಸ್ಪೀಕರು — ಕಾರಿಗೆ ಏನು ಬೇಕೋ ಎಲ್ಲ. ಅಂಗಡಿಯ ಹುಡುಗ ನಾನು ಕೇಳಿದ ಸ್ಪೀಕರನ್ನು ತೋರಿಸಲೇ ಇಲ್ಲ. ಹೊರಗೆ ಬಂದು ನನ್ನ ಕಾರಿನ ಬಾಗಿಲನ್ನು ಬೆರಳಿನ ಗೆಣ್ಣಿನಿಂದ ತಟ್ಟಿದ. ಟಣ್ ಎಂದಿತು. ಪಕ್ಕದಲ್ಲಿ ಕೆಲಸ ಮುಗಿಸಿ ನಿಲ್ಲಿಸಿದ್ದ ಇನ್ನೊಂದು ಕಾರಿನ ಬಾಗಿಲು ತಟ್ಟಿದ. ದಬ್ ಎಂದಿತು.

‘ನಿಮ್ದು ಡಬ್ಬ ಸಾರ್. ಡಬ್ಬದೊಳಗೆ ಎಂಥ ಸ್ಪೀಕರ್ ಹಾಕಿದ್ರೂ ಡಬ್ಬದ್ದೇ ಸೌಂಡ್. ಮೊದ್ಲು ಡ್ಯಾಂಪಿಂಗ್ ಮಾಡ್ಸಿ. ಆಮೇಲೂ ಸ್ಪೀಕರ್ ಬೇಕು ಅನ್ಸಿದ್ರೆ ಬನ್ನಿ’ ಅಂದ.

ಮಾರುವ ವಸ್ತುವನ್ನು ಬೇಡ ಎನ್ನುವ ವ್ಯಾಪಾರಿಯನ್ನು ನಂಬದೆ ಇರುವುದು ಹೇಗೆ? ಬೇರೊಂದು ವಸ್ತುವನ್ನು ಅದಕ್ಕಿಂತ ದುಬಾರಿಗೆ ಮಾರುತ್ತಿದ್ದಾನೆ ಎಂಬುದು ಹೊಳೆಯುವ ಹೊತ್ತಿಗೆ ಮುಂದಿನ ಭಾನುವಾರಕ್ಕೆ ಮುಂಗಡ ಕೊಟ್ಟಾಗಿತ್ತು.

ಅದಿರಲಿ. ಮುಂದಿನದನ್ನು ಹೇಳುವ ಮೊದಲು ನಮ್ಮ ಅಮ್ಮನ ವಿಚಾರ ಸ್ವಲ್ಪ ಹೇಳಬೇಕು.

ಅಮ್ಮನಿಗೆ ಈಗ ಎಪ್ಪತ್ತೊಂಬತ್ತು. ಕಣ್ಣು, ಕಾಲು, ಜ್ಞಾಪಕಶಕ್ತಿ ಎಲ್ಲ ಗಟ್ಟಿ. ಕಿವಿ ಮಾತ್ರ ಆರೇಳು ವರ್ಷದಿಂದ ಮಂದವಾಗುತ್ತ ಬಂತು. ವಯಸ್ಸಿನಿಂದ ಬರುವ ಕಿವುಡಿಗೆ ಒಂದು ಕ್ರಮ ಉಂಟಂತೆ. ಮೊದಲು ಹೋಗುವುದು ಕೀಚಲು ದನಿಗಳು, ಅಂದರೆ ಎತ್ತರದ ಶ್ರುತಿಯವು. ಮಾತಿನಲ್ಲಿ ಸ್ವರಗಳು ತಗ್ಗಿನ ಶ್ರುತಿಯವು, ಶಕ್ತಿವಂತ. ಕ, ತ, ಸ, ಶ ಮುಂತಾದ ವ್ಯಂಜನಗಳು ಎತ್ತರದವು, ಸೂಕ್ಷ್ಮ. ಸ್ವರ ಕೇಳಿಸುತ್ತದೆ, ವ್ಯಂಜನ ಜಾರಿಹೋಗುತ್ತದೆ. ಹಾಗಾಗಿ ಯಾರೋ ಏನೋ ಹೇಳುತ್ತಿದ್ದಾರೆ ಎಂಬುದು ಗೊತ್ತಾಗುತ್ತದೆ. ಏನು ಎಂಬುದು ಗೊತ್ತಾಗುವುದಿಲ್ಲ. ನನ್ನ ಹೆಂಡತಿ ‘ಕಾಯಿ ತಂದೆ’ ಎಂದರೆ ಅಮ್ಮ ‘ನಿಮ್ಮ ತಾಯಿ ಬಂದ್ರಾ?’ ಎಂದು ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ನೋಡುವುದು ಇದರಿಂದಲೇ.

ನಾಲ್ಕು ವರ್ಷದ ಹಿಂದೆ ಮೈಸೂರಿಗೆ ಕರೆದುಕೊಂಡು ಹೋಗಿ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಿದೆವು. 1960ರ ದಶಕದಲ್ಲಿ ಶುರುವಾದ ಸಂಸ್ಥೆ ಅದು. ಅಲ್ಲಿಯ ಸದ್ದಿಲ್ಲದ ಕೋಣೆಯಲ್ಲಿ ಅಮ್ಮನನ್ನು ಕೂರಿಸಿ, ಒಂದೊಂದು ಶ್ರುತಿಗೂ ಎಷ್ಟು ಕೇಳಿಸುತ್ತದೆಂದು ಅಳೆದು, ಎರಡು ಕಿವಿಗೂ ಯಂತ್ರ ಬೇಕೆಂದರು. ಯಂತ್ರ ಬಂತು. ಮನೆಯಲ್ಲಿ ಚೆನ್ನಾಗಿ ಕೆಲಸ ಮಾಡಿತು. ಅಮ್ಮ ಕುಕ್ಕರಿನ ಕೂಗು ಎಣಿಸತೊಡಗಿದಳು, ಮೊಮ್ಮಗಳ ಜೊತೆ ವಾದಕ್ಕಿಳಿದಳು. ಆದರೆ ಕಾರಿಗೆ ಹತ್ತಿದ ಐದು ನಿಮಿಷಕ್ಕೆ ಎರಡನ್ನೂ ತೆಗೆದು ಕನ್ನಡಕದ ಡಬ್ಬಿಯೊಳಗೆ ಹಾಕಿ, ಡಬ್ಬಿಯನ್ನು ಚೀಲದೊಳಗೆ ಹಾಕಿ, ಕಿಟಕಿಯ ಕಡೆ ಮುಖ ಮಾಡಿ ಕುಳಿತುಬಿಡುತ್ತಿದ್ದಳು.

‘ತಲೆಯೊಳಗೆ ಗಿರಣಿ ಓಡಿಸಿದ ಹಾಗಾಗತ್ತೆ ಕಣೋ’ ಎನ್ನುತ್ತಿದ್ದಳು.

ಅದೂ ಸಹಜವೇ. ಕಿವಿಯ ಯಂತ್ರ ಕನ್ನಡಕದ ಹಾಗಲ್ಲ. ಕನ್ನಡಕ ಹಾಕಿದರೆ ನೋಡಬೇಕಾದದ್ದು ಸ್ಪಷ್ಟವಾಗುತ್ತದೆ. ಯಂತ್ರ ಮಾತನ್ನು ಹಿಗ್ಗಿಸುವಾಗ ಅದರ ಜೊತೆಗಿನ ಗದ್ದಲವನ್ನೂ ಒಂದಷ್ಟು ಹಿಗ್ಗಿಸುತ್ತದೆ. ಇಂದಿನ ಯಂತ್ರಗಳು ಎರಡನ್ನೂ ಬೇರ್ಪಡಿಸಲು ಹೆಣಗುತ್ತವೆ, ಪೂರ್ತಿ ಗೆಲ್ಲುವುದಿಲ್ಲ. ಮಂದ ಕಿವಿಗೆ ಬೇಕಾದ್ದು ದೊಡ್ಡ ದನಿಯಲ್ಲ. ದನಿಗೂ ಗದ್ದಲಕ್ಕೂ ನಡುವೆ ಅಂತರ. ಕಾರಿನೊಳಗೆ ಆ ಅಂತರವೇ ಇರುವುದಿಲ್ಲ. ಅದರಲ್ಲೂ ತಗ್ಗಿನ ಶ್ರುತಿಯ ಗದ್ದಲ ಜೋರಾಗಿದ್ದರೆ ತನಗಿಂತ ಮೇಲಿನ ಶ್ರುತಿಯ ಸೂಕ್ಷ್ಮ ದನಿಗಳನ್ನು ಮುಚ್ಚಿಹಾಕುತ್ತದೆ. ಟೈರಿನ ಗುಂಯ್ ದನಿ ನನ್ನ ವೀಣೆಯನ್ನು ನುಂಗುತ್ತಿದ್ದ ಹಾಗೆಯೇ ಅಮ್ಮನ ಪಾಲಿಗೆ ಅಳಿದುಳಿದ ಕ, ತ, ಸಗಳನ್ನೂ ನುಂಗುತ್ತಿತ್ತು.

ಎರಡೂ ಒಂದೇ ರೋಗ ಎಂಬುದು ಆಗ ನನಗೆ ಹೊಳೆಯಲಿಲ್ಲ. ಹೊಳೆಯದಿರುವುದಕ್ಕೆ ಕಾರಣವೂ ಇತ್ತು. ಅಮ್ಮ ಯಂತ್ರ ತೆಗೆದಿಡುವುದು ನಮಗೆ ಅನುಕೂಲವಾಗಿತ್ತು.

ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನಮ್ಮ ಮನೆ ಇರುವುದು ಮೂವತ್ತು ನಲವತ್ತರ ನಿವೇಶನದಲ್ಲಿ. ಬಿಡಿಎ ಹುಟ್ಟಿದ್ದು 1976ರಲ್ಲಿ; ಅದಕ್ಕೂ ಮೊದಲು ಸಿಐಟಿಬಿ ಇದ್ದ ಕಾಲದಲ್ಲಿ ಅಪ್ಪನಿಗೆ ಮಂಜೂರಾದ ನಿವೇಶನ ಅದು. ಅಪ್ಪ ತೀರಿಕೊಂಡ ಮೇಲೆ ಖಾತೆ ಅಮ್ಮನ ಹೆಸರಿಗೆ ಬಂತು. ಎರಡು ವರ್ಷದಿಂದ ಒಬ್ಬ ಬಿಲ್ಡರು ಓಡಾಡುತ್ತಿದ್ದಾರೆ. ಹಳೆಯ ಮನೆ ಕೆಡವಿ ಮಹಡಿಗಳನ್ನು ಕಟ್ಟಿ ನಮಗಿಷ್ಟು, ಅವರಿಗಿಷ್ಟು ಎಂಬ ಲೆಕ್ಕ. ಪುಣೆಯಲ್ಲಿರುವ ತಮ್ಮನಿಗೆ ಇದು ಬೇಗ ಆಗಬೇಕು. ನನಗೆ ಆದರೂ ಸರಿ, ಆಗದಿದ್ದರೂ ಸರಿ. ಅಮ್ಮನಿಗೆ ಹೇಳುವ ಧೈರ್ಯ ಇಬ್ಬರಿಗೂ ಇಲ್ಲ. ಮನೆಯೊಳಗೆ ಮಾತಾಡಿದರೆ ಯಂತ್ರ ಹಾಕಿಕೊಂಡ ಅಮ್ಮನಿಗೆ ಕೇಳಿಸಿಬಿಡುತ್ತದೆ. ಹಾಗಾಗಿ ಈ ಮಾತೆಲ್ಲ ಕಾರಿನಲ್ಲಿ, ಅಮ್ಮ ಹಿಂದಿನ ಸೀಟಿನಲ್ಲಿ ಕುಳಿತಿರುವಾಗಲೇ ನಡೆಯುತ್ತಿತ್ತು. ಅಮ್ಮ ಎಲ್ಲಿರುತ್ತಾಳೆ, ಬಾಡಿಗೆ ಮನೆಗೆ ಒಗ್ಗಿಕೊಳ್ಳುತ್ತಾಳೆಯೇ, ಆರು ತಿಂಗಳು ಪುಣೆಗೆ ಕಳಿಸಿದರೆ ಹೇಗೆ — ಎಲ್ಲವನ್ನೂ ಆಕೆ ಇಲ್ಲವೇನೋ ಎಂಬಂತೆ ಮಾತಾಡುತ್ತಿದ್ದೆವು. ನಡುನಡುವೆ ಅಮ್ಮ ನಮ್ಮ ಮುಖ ನೋಡಿ ನಕ್ಕರೆ ನಾವೂ ತಿರುಗಿ ನಗುತ್ತಿದ್ದೆವು.

ಹೀಗಿರುವಾಗ ನಿಗದಿಯಾದ ಭಾನುವಾರ ಬಂತು. ಕಾರು ಬಿಟ್ಟು ಮನೆಗೆ ಹೋಗಿ, ಸಂಜೆ ಬನ್ನಿ ಎಂದರು. ನಾನು ಹೋಗಲಿಲ್ಲ. ನಮ್ಮ ವಸ್ತುವಿನ ಹೊಟ್ಟೆ ಬಗೆಯುವಾಗ ಎದುರಿಗೆ ನಿಂತಿರಬೇಕು ಎಂಬುದು ಅಪ್ಪ ಹೇಳಿಕೊಟ್ಟ ಪಾಠ. ರೇಡಿಯೊ ರಿಪೇರಿಯ ಕಾಲದ್ದು.

ಬಾಗಿಲಿನ ಒಳಹೊದಿಕೆ ಬಿಚ್ಚಿದಾಗ ನನಗೆ ನಿಜಕ್ಕೂ ಆಘಾತವಾಯಿತು. ಲಕ್ಷಗಟ್ಟಲೆ ಕೊಟ್ಟು ಕೊಂಡ ಕಾರಿನ ಬಾಗಿಲೆಂದರೆ ಹೊರಗೊಂದು ತೆಳು ತಗಡು, ಒಳಗೊಂದು ತೂತುತೂತಾದ ತಗಡು, ನಡುವೆ ಗಾಜು ಇಳಿಯುವ ಜಾಗ, ಮೇಲೊಂದು ಪ್ಲಾಸ್ಟಿಕ್ ಹಾಳೆ. ಹುಡುಗ ಎರಡು ಮಿಲಿಮೀಟರ್ ದಪ್ಪದ ಹಾಳೆಗಳನ್ನು ತಂದ. ಒಂದು ಮುಖಕ್ಕೆ ಅಲ್ಯೂಮಿನಿಯಂ, ಇನ್ನೊಂದು ಮುಖದಲ್ಲಿ ಜಿಗುಟಾದ ಕಪ್ಪು ಬ್ಯೂಟೈಲ್ ರಬ್ಬರು. ತಗಡನ್ನು ಸ್ಪಿರಿಟ್ಟಿನಿಂದ ಒರೆಸಿ, ಹಾಳೆ ಅಂಟಿಸಿ, ಪುಟ್ಟ ರೋಲರಿನಿಂದ ಚಪಾತಿ ಲಟ್ಟಿಸಿದಂತೆ ಒತ್ತಿದ. ತಗಡು ನಡುಗಲು ಹೊರಟರೆ ಈ ರಬ್ಬರು ಹಿಗ್ಗಿ ಜಗ್ಗಿ ಆ ನಡುಕವನ್ನು ತನ್ನೊಳಗೆ ಅತಿ ಸಣ್ಣ ಪ್ರಮಾಣದ ಶಾಖವಾಗಿ ಮಾಡಿಕೊಂಡುಬಿಡುತ್ತದೆ. ಇಷ್ಟೇ ಇದರ ಗುಟ್ಟು. ತಗಡಿನ ಇಂಚಿಂಚನ್ನೂ ಮುಚ್ಚಬೇಕಾಗಿಲ್ಲ. ನಡುಗುವ ಭಾಗದ ಮಧ್ಯದಲ್ಲಿ ಅಂಟಿಸಿದರೂ ಟಣ್ ಹೋಗಿ ದಬ್ ಬರುತ್ತದೆ.

ಒಳತಗಡಿನ ತೂತುಗಳನ್ನು ಮುಚ್ಚುವುದು ಬೇರೆಯ ಕಾರಣಕ್ಕೆ. ಸ್ಪೀಕರಿನ ಪೊರೆ ಮುಂದಕ್ಕೆ ಬಂದಾಗ ಎದುರಿನ ಗಾಳಿಯನ್ನು ತಳ್ಳುತ್ತದೆ, ಅದೇ ಕ್ಷಣ ಹಿಂದಿನ ಗಾಳಿಯನ್ನು ಎಳೆಯುತ್ತದೆ. ಹಿಂದಿನ ಅಲೆ ತೂತುಗಳಿಂದ ನುಸುಳಿ ಬಂದು ಮುಂದಿನ ಅಲೆಯನ್ನು ಸೇರಿದರೆ ಒಂದನ್ನೊಂದು ಕಳೆದುಹಾಕುತ್ತವೆ. ಹೆಚ್ಚು ಕಳೆದುಹೋಗುವುದು ತಗ್ಗಿನ ದನಿ. ಮೃದಂಗದ ಎಡಗಡೆಯ ನಾದ ನನ್ನ ಕಾರಿನಲ್ಲಿ ಏಕೆ ಬರಿಯ ತಟ್ಟುವ ಸದ್ದಾಗಿ ಕೇಳಿಸುತ್ತಿತ್ತು ಎಂಬುದು ಆಗ ಅರ್ಥವಾಯಿತು. ಸ್ಪೀಕರಿನಲ್ಲಿ ದೋಷ ಇರಲಿಲ್ಲ. ಅದನ್ನು ಕೂರಿಸಿದ ಮನೆಗೆ ಗೋಡೆ ಇರಲಿಲ್ಲ.

‘ಕೆಳಗಿನ ಸಣ್ಣ ತೂತು ಮುಚ್ಚಬೇಡಪ್ಪ’ ಎಂದೆ, ಅಲ್ಲಿ ಇಲ್ಲಿ ಓದಿಕೊಂಡು ಹೋಗಿದ್ದ ಜಂಬದಿಂದ.

‘ಅದು ಮಳೆನೀರು ಇಳಿಯೋ ತೂತು ಸಾರ್. ಮುಚ್ಚಿದ್ರೆ ಎರಡು ಮಳೆಗಾಲಕ್ಕೆ ಬಾಗ್ಲು ತುಕ್ಕು. ನಮಗೆ ಗೊತ್ತಿಲ್ವಾ?’ ಅಂದ. ಆಮೇಲೆ ನಾನು ಬಾಯಿ ಬಿಡಲಿಲ್ಲ.

ಬಾಗಿಲಾದ ಮೇಲೆ ನೆಲ. ಐವತ್ತು ಕಿಲೋಮೀಟರಿನ ಆಸುಪಾಸು ವೇಗ ದಾಟಿದರೆ ಕಾರಿನಲ್ಲಿ ಎಂಜಿನ್ನಿಗಿಂತ ಟೈರಿನದೇ ದೊಡ್ಡ ಸದ್ದು. ಅದು ಬರುವುದು ಚಕ್ರದ ಮೇಲಿನ ಕಮಾನು ಮತ್ತು ನೆಲದಿಂದ. ಅದಕ್ಕಾಗಿ ಸೀಟುಗಳನ್ನು ಕಳಚಿ, ಕಾರ್ಪೆಟ್ ಎತ್ತಿದರು. ಏಳು ವರ್ಷದ ಸಂಸಾರ ಹೊರಬಿತ್ತು: ಮಗಳ ಕ್ಲಿಪ್ಪು, ಎರಡು ಐದು ರೂಪಾಯಿ ನಾಣ್ಯ, ಬನಶಂಕರಿ ದೇವಸ್ಥಾನದ ಕುಂಕುಮದ ಪೊಟ್ಟಣ, ಗಣೇಶನ ಹಬ್ಬದ ಗರಿಕೆ. ಹಿಂದಿನ ಸೀಟಿನಡಿ, ಅಮ್ಮ ಕೂರುವ ಎಡಬದಿಯಲ್ಲಿ, ಹುಡುಗ ಏನನ್ನೋ ಆರಿಸಿ ನನ್ನ ಅಂಗೈಗೆ ಹಾಕಿದ.

‘ಏನ್ ಸಾರ್ ಇದು, ವಾಚಿನ ಸೆಲ್ಲಾ? ಏಳು ಇದೆ.’

ವಾಚಿನ ಸೆಲ್ ಅಲ್ಲ, ಅಮ್ಮನ ಕಿವಿಯಂತ್ರದ ಗುಂಡಿ ಬ್ಯಾಟರಿಗಳು.

ಅವನ್ನು ಹಿಡಿದುಕೊಂಡು ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತೆ. ಮನೆಯಲ್ಲಿ ಅಮ್ಮ ಬ್ಯಾಟರಿ ಬದಲಾಯಿಸುವುದು ವಾರಕ್ಕೊಮ್ಮೆ, ದೇವರ ಮನೆಯ ಪಕ್ಕದ ಮೇಜಿನ ಮೇಲೆ. ಹಳೆಯದನ್ನು ಒಂದು ಡಬ್ಬಿಗೆ ಹಾಕುತ್ತಾಳೆ. ಕಾರಿನಲ್ಲಿ ಏಕೆ ಬದಲಾಯಿಸಿದಳು? ಯೋಚಿಸಿದರೆ ಒಂದೇ ಉತ್ತರ. ಕಾರಿನಲ್ಲಿ ಮಾತು ಕೇಳಿಸದಾಗ ಬ್ಯಾಟರಿ ಮುಗಿದಿರಬೇಕೆಂದುಕೊಂಡು ಹೊಸದು ಹಾಕಿಕೊಂಡಿದ್ದಾಳೆ. ಓಡುವ ಕಾರಿನಲ್ಲಿ, ನಡುಗುವ ಬೆರಳಿನಲ್ಲಿ, ಕಡಲೆಬೇಳೆಯಷ್ಟು ದೊಡ್ಡ ವಸ್ತುವನ್ನು. ಕೈ ಜಾರಿ ಬಿದ್ದದ್ದನ್ನು ಹುಡುಕಿ ಕೊಡು ಎಂದು ಕೇಳಲೂ ಸಂಕೋಚಪಟ್ಟಿದ್ದಾಳೆ. ಒಂದಲ್ಲ ಎರಡಲ್ಲ, ಏಳು. ಅಷ್ಟು ಸಲ ಪ್ರಯತ್ನಿಸಿದ ಮೇಲೆ ಯಂತ್ರ ತೆಗೆದು ಡಬ್ಬಿಗೆ ಹಾಕುವ ಅಭ್ಯಾಸ ಮಾಡಿಕೊಂಡಿದ್ದಾಳೆ. ಆಕೆಗೆ ಕೇಳಿಸಿಕೊಳ್ಳುವ ಇಷ್ಟವಿಲ್ಲ ಎಂದು ನಾವು ತೀರ್ಮಾನಿಸಿಬಿಟ್ಟಿದ್ದೆವು.

ಸಂಜೆ ಆರಕ್ಕೆ ಕೆಲಸ ಮುಗಿಯಿತು. ನಾಲ್ಕು ಬಾಗಿಲು, ನೆಲ, ಹಿಂದಿನ ಚಕ್ರದ ಕಮಾನು, ಡಿಕ್ಕಿ. ಮೇಲೆ ಒಂದು ಪದರ ಫೋಮು. ಕಾರಿನ ತೂಕ ಇಪ್ಪತ್ತೈದು ಕಿಲೋ ಏರಿತು. ನನ್ನ ತೂಕ 34 ಸಾವಿರ ರೂಪಾಯಿಯಷ್ಟು ಇಳಿಯಿತು.

ಓದುಗರಲ್ಲಿ ಯಾರಿಗಾದರೂ ಈ ಹುಚ್ಚು ಹತ್ತಿದರೆ ಎರಡು ಮಾತು. ಮೊದಲು ಟೈರು ನೋಡಿ. ಸವೆದು ಗಟ್ಟಿಯಾದ ಟೈರು, ಹೆಚ್ಚು ತುಂಬಿದ ಗಾಳಿ, ಹರಿದ ಬಾಗಿಲ ಬೀಡಿಂಗು — ಇವನ್ನು ಸರಿಪಡಿಸಿದರೆ ಅರ್ಧ ಕೆಲಸ ಅಗ್ಗದಲ್ಲಿ ಆಗಬಹುದು. ಇನ್ನೊಂದು, ತಾರಸಿ ಸೋರದಂತೆ ಹಾಕುವ ಡಾಂಬರಿನ ಹಾಳೆಯನ್ನು ಅಗ್ಗವೆಂದು ಹಾಕಿಸಬೇಡಿ. ಏಪ್ರಿಲ್ ಬಿಸಿಲಿಗೆ ಅದು ಮೆತ್ತಗಾಗಿ ಜಾರುತ್ತದೆ, ನಾರುತ್ತದೆ.

ಪವಾಡವನ್ನಂತೂ ನಿರೀಕ್ಷಿಸಬೇಡಿ. ಮೊದಲು ಮತ್ತು ಆಮೇಲೆ ಒಂದೇ ರಸ್ತೆಯಲ್ಲಿ, ಅರವತ್ತರ ವೇಗದಲ್ಲಿ, ಮಗಳ ಫೋನಿನ ಆ್ಯಪ್ ಇಟ್ಟು ಅಳೆದೆವು. ಇಳಿದದ್ದು ನಾಲ್ಕು ಡೆಸಿಬೆಲ್. ‘ಡೆಸಿಬೆಲ್ಲಿಗೆ ಎಂಟೂವರೆ ಸಾವಿರ’ ಎಂದು ಹೆಂಡತಿ ಕೂಡಲೇ ಭಾಗಿಸಿದಳು. ಡೆಸಿಬೆಲ್ಲಿನ ಲೆಕ್ಕ ರೂಪಾಯಿಯ ಲೆಕ್ಕದ ಹಾಗಲ್ಲ. ಮೂರು ಇಳಿದರೆ ಸದ್ದಿನ ಶಕ್ತಿ ಅರ್ಧಕ್ಕೆ ಬಂದಂತೆ. ಆದರೆ ಕಿವಿಗೆ ಅರ್ಧವಾಯಿತು ಅನ್ನಿಸಲು ಹತ್ತು ಇಳಿಯಬೇಕು. ಹಾಗೆ ನೋಡಿದರೆ ನನಗೆ ಸಿಕ್ಕಿದ್ದು ಕಮ್ಮಿಯೇ. ಆದರೆ ಇಳಿದದ್ದು ಯಾವ ದನಿ ಎಂಬುದೂ ಮುಖ್ಯ. ಸೋಮವಾರ ಬೆಳಿಗ್ಗೆ ಸಾರಕ್ಕಿ ದಾಟಿ ಜೆ.ಪಿ. ನಗರದ ರಸ್ತೆಯಲ್ಲಿ ಓಡುವಾಗ ವೀಣೆಯ ಹಿಂದೆ ಏನೋ ಇನ್ನೊಂದು ದನಿ. ಎಂಜಿನ್ನಿನದೇನೋ ಎಂದು ಹೆದರಿದೆ. ತಂಬೂರಿ! ಆ ಧ್ವನಿಮುದ್ರಣದಲ್ಲಿ ತಂಬೂರಿ ಇದೆ ಎಂಬುದನ್ನೇ ನಾನು ಮರೆತಿದ್ದೆ. ಶಬ್ದ ಏರಿಸುವ ಬದಲು ಎರಡು ಗೆರೆ ಇಳಿಸಿದೆ. ಜಯದೇವ ಆಸ್ಪತ್ರೆಯ ಕಡೆ ಹೊರಟ ಆಂಬುಲೆನ್ಸಿನ ಕೂಗು ಹಿಂದಿನಿಂದ ಬಂದದ್ದು ಮೊದಲಿಗಿಂತ ಬೇಗ ಗೊತ್ತಾಯಿತು. ಕಾರು ಸುಮ್ಮನಾದರೆ ಹೊರಗಿನದು ಕೇಳಿಸದೆ ಹೋದೀತೆಂಬ ಭಯವಿತ್ತು. ಹೊರಗಿನದನ್ನು ಮುಚ್ಚುತ್ತಿದ್ದದ್ದು ನಾನು ಏರಿಸಿದ ಸಂಗೀತ.

ಹದಿನೈದು ದಿನ ಕಳೆದು ಅಮ್ಮನ ಯಂತ್ರದ ತಪಾಸಣೆಗೆಂದು ಮೈಸೂರಿಗೆ ಹೊರಟೆವು. ಕೆಂಗೇರಿ ದಾಟಿ, 2023ರಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿಯಲ್ಲಿ ಕಾರು ನೂರರ ಹತ್ತಿರ ಓಡುತ್ತಿತ್ತು. ಹೆಂಡತಿ ಪಕ್ಕದಲ್ಲಿ, ಅಮ್ಮ ಹಿಂದೆ ತನ್ನ ಎಡಬದಿಯ ಕಿಟಕಿಯ ಬಳಿ. ಬಿಡದಿಯ ಹತ್ತಿರ ತಮ್ಮನ ಫೋನು ಬಂತು. ಕಾರಿನ ಸ್ಪೀಕರಿನಲ್ಲೇ ಮಾತು.

‘ಅಣ್ಣ, ಬಿಲ್ಡರು ತಿಂಗಳ ಕೊನೇಲಿ ಉತ್ತರ ಬೇಕು ಅಂತಿದಾರೆ. ಏನ್ ಹೇಳ್ಲಿ?’

‘ಅಮ್ಮನಿಗೆ ಒಂದು ಮಾತು ಹೇಳಬೇಕಲ್ಲೋ.’

‘ಎಲ್ಲ ಆದ್ಮೇಲೆ ಹೇಳೋಣ. ಈಗ ಹೇಳಿದ್ರೆ ಸುಮ್ನೆ ಗಾಬರಿ ಆಗ್ತಾಳೆ. ಕಾಗದ ಎಲ್ಲ ರೆಡಿ ಆಗ್ಲಿ, ಸೈನ್ ಹಾಕೋ ದಿನ...’

‘ಯಾವ ದಿನ?’ ಎಂದಿತು ಹಿಂದಿನ ಸೀಟು.

ತಮ್ಮ ಥಟ್ಟನೆ ಸುಮ್ಮನಾದ. ನಾನು ಕನ್ನಡಿಯಲ್ಲಿ ನೋಡಿದೆ. ಎರಡೂ ಕಿವಿಯಲ್ಲಿ ಯಂತ್ರ. ಕನ್ನಡಕದ ಡಬ್ಬಿ ಚೀಲದಿಂದ ಹೊರಗೇ ಬಂದಿರಲಿಲ್ಲ.

‘ಯಾವ ದಿನ ಅಂತ ಕೇಳ್ದೆ. ಖಾತೆ ನನ್ನ ಹೆಸರಲ್ಲಿದೆ. ಸೈನ್ ಹಾಕೋಕೆ ನಾನೂ ಬರಬೇಕಾಗತ್ತಲ್ಲ?’

‘ಅಮ್ಮ, ಯಂತ್ರ ಹಾಕ್ಕೊಂಡಿದೀಯಾ?’ ಎಂಬ ಪೆದ್ದು ಪ್ರಶ್ನೆ ನನ್ನ ಬಾಯಿಂದ ಬಂತು.

‘ಆವತ್ತಿಂದ ಗುಂಯ್ ಅನ್ನೋದು ಕಮ್ಮಿ ಆಗಿದೆ ಕಣೋ. ಇಟ್ಕೊಂಡ್ರೆ ತಲೆ ಸಿಡಿಯಲ್ಲ. ಹೋದ ವಾರ ಜಯನಗರಕ್ಕೆ ಹೋದಾಗ್ಲೂ ಇಟ್ಕೊಂಡಿದ್ದೆ.’

ಹೋದ ವಾರ ಜಯನಗರ ನಾಲ್ಕನೇ ಬ್ಲಾಕಿಗೆ ಹೋಗುವಾಗ ನಾನೂ ಹೆಂಡತಿಯೂ ಏನೇನು ಮಾತಾಡಿದ್ದೆವೆಂದು ಇಬ್ಬರೂ ಮನಸ್ಸಿನಲ್ಲೇ ನೆನಪಿಸಿಕೊಂಡೆವು. ಹೆಂಡತಿ ಮೆಲ್ಲಗೆ ಕಣ್ಣು ಮುಚ್ಚಿಕೊಂಡಳು.

ರಾಮನಗರದ ಬಂಡೆಗಳು ಕಾಣುವವರೆಗೆ ಯಾರೂ ಮಾತಾಡಲಿಲ್ಲ. ಕಾರಿನಲ್ಲಿ ಎಷ್ಟು ನಿಶ್ಶಬ್ದ ಸಾಧ್ಯ ಎಂಬುದು ಆವತ್ತು ತಿಳಿಯಿತು. ಆಮೇಲೆ ಅಮ್ಮನೇ ಮಾತಾಡಿದಳು. ಕೋಪವಿರಲಿಲ್ಲ, ಅಳುವೂ ಇರಲಿಲ್ಲ.

‘ಮನೆ ಕೆಡವಬೇಡಿ ಅಂತ ನಾನು ಯಾವತ್ತು ಹೇಳಿದ್ದೆ? ಅಡುಗೆಮನೆ ತಾರಸಿ ಸೋರೋದು ನನಗೆ ಗೊತ್ತಿಲ್ವಾ? ನನಗೆ ಕೇಳಿಸಲ್ಲ ಅಂತ ನೀವು ನನ್ನ ಕೇಳೋದನ್ನೇ ಬಿಟ್ಟುಬಿಟ್ರಿ.’

ಕೇಳಿಸಿಕೊಳ್ಳುವುದಕ್ಕೂ ವಿಚಾರಿಸುವುದಕ್ಕೂ ನಮ್ಮ ಭಾಷೆಯಲ್ಲಿ ಇರುವುದು ‘ಕೇಳು’ ಎಂಬ ಒಂದೇ ಮಾತು. ಹುಟ್ಟಿದಂದಿನಿಂದ ಆಡುತ್ತಿದ್ದೇನೆ, ಆವತ್ತಿನವರೆಗೆ ಅದನ್ನು ಗಮನಿಸಿರಲಿಲ್ಲ. ಕಿವಿ ಕೇಳಿಸದವರನ್ನು ಯಾರೂ ಏನನ್ನೂ ಕೇಳುವುದಿಲ್ಲ. ಕೂಗಿ ಹೇಳಬೇಕಲ್ಲ, ಎರಡು ಸಲ ಹೇಳಬೇಕಲ್ಲ ಎಂಬ ಸಣ್ಣ ಸೋಮಾರಿತನದಿಂದ ಶುರುವಾಗುತ್ತದೆ. ಮೊದಲು ಹಾಲಿನವನ ಲೆಕ್ಕ ಹೇಳುವುದು ನಿಲ್ಲುತ್ತದೆ, ಆಮೇಲೆ ನೆಂಟರ ಸುದ್ದಿ. ಕೊನೆಗೆ ಅವರು ನಲವತ್ತೈದು ವರ್ಷ ಬಾಳಿದ ಮನೆಯ ವಿಚಾರವೂ.

ಚನ್ನಪಟ್ಟಣ ದಾಟುವಷ್ಟರಲ್ಲಿ ಅಮ್ಮ ಷರತ್ತುಗಳನ್ನು ಹೇಳಿ ಮುಗಿಸಿದ್ದಳು. ನೆಲಮಹಡಿಯ ಮನೆ ತನಗೆ. ಬಾಡಿಗೆ ಮನೆ ದೇವಸ್ಥಾನಕ್ಕೆ ನಡೆದು ಹೋಗುವಷ್ಟು ಹತ್ತಿರ ಇರಬೇಕು. ಪುಣೆಯ ಮಾತೇ ಬೇಡ. ಬಿಲ್ಡರು ಕೆಲಸ ತಡಮಾಡಿದರೆ ಬಾಡಿಗೆ ಅವನೇ ಕಟ್ಟಬೇಕು, ಇದು ಕಾಗದದಲ್ಲಿ ಇರಬೇಕು. ಇನ್ನೂ ಫೋನಿನಲ್ಲೇ ಇದ್ದ ತಮ್ಮ ‘ಇದು ನಮಗೆ ಹೊಳೆದೇ ಇರ್ಲಿಲ್ಲಲ್ಲ ಅಣ್ಣ’ ಅಂದ. ‘ಕೇಳಿದ್ದಿದ್ರೆ ಹೇಳ್ತಿದ್ದೆ’ ಅಂದಳು ಅಮ್ಮ.

ಮೈಸೂರಿನಲ್ಲಿ ತಪಾಸಣೆ ಮಾಡಿದಾಕೆಗೆ ಇದನ್ನೆಲ್ಲ ಹೇಳಿದೆ. ಆಕೆ ನಕ್ಕು, ಮನೆಯಲ್ಲೂ ಹೀಗೇ ಮಾಡಿ ಎಂದರು: ಮಾತಾಡುವಾಗ ಟಿವಿ ಆರಿಸಿ, ಫ್ಯಾನಿನ ಗದ್ದಲ ತಗ್ಗಿಸಿ, ಮುಖ ನೋಡಿ ಮಾತಾಡಿ, ಕೂಗಬೇಡಿ. ಇದಕ್ಕೆ ರಬ್ಬರ್ ಹಾಳೆಯೂ ಬೇಡ, 34 ಸಾವಿರವೂ ಬೇಡ. ಇಷ್ಟನ್ನೂ ನಾಲ್ಕು ವರ್ಷದ ಹಿಂದೆಯೇ ಹೇಳಿದ್ದರಂತೆ. ನಾವು ಕೇಳಿಸಿಕೊಂಡಿರಲಿಲ್ಲ.

ಒಂದು ವಿಚಾರ ಮಾತ್ರ ಇನ್ನೂ ಮನಸ್ಸನ್ನು ಚುಚ್ಚುತ್ತದೆ. 2000ದಲ್ಲಿ ಬಂದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಬಡಾವಣೆಯಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಮೀರಬಾರದು. ನಮ್ಮ ಮನೆಯ ಗೇಟಿನ ಮುಂದೆ ಅದೇ ಆ್ಯಪ್ ಹಿಡಿದರೆ ಬೆಳಗಿನ ಒಂಬತ್ತಕ್ಕೆ 70ರ ಮೇಲೆ ತೋರಿಸುತ್ತದೆ. ಅನಗತ್ಯವಾಗಿ ಹಾರ್ನ್ ಒತ್ತಿದರೆ ಸಾವಿರ ರೂಪಾಯಿ ದಂಡವೆಂದು 2019ರ ತಿದ್ದುಪಡಿಯಲ್ಲಿ ಬರೆದಿದೆ. ನಮ್ಮ ಬೀದಿಯಲ್ಲಿ ಕಟ್ಟಿದವರನ್ನು ನಾನು ಕಂಡಿಲ್ಲ. ನಾನು ದುಡ್ಡು ಕೊಟ್ಟು ನಾಲ್ಕು ಬಾಗಿಲಿನೊಳಗೆ ಒಂದಿಷ್ಟು ನಿಶ್ಶಬ್ದ ಕೊಂಡುಕೊಂಡೆ. ಸಿಲ್ಕ್‌ಬೋರ್ಡಿನ ಪೊಲೀಸಿನವನಿಗೆ, ಬನಶಂಕರಿ ದೇವಸ್ಥಾನದ ಮುಂದೆ ಹೂ ಕಟ್ಟುವ ಹೆಂಗಸಿಗೆ, ದಿನವಿಡೀ ಆಟೊ ಓಡಿಸುವವನಿಗೆ ಅಂಟಿಸಲು ಹಾಳೆ ಎಲ್ಲಿದೆ? ಅವರ ಕ, ತ, ಸಗಳು ನಮ್ಮ ಅಮ್ಮನಿಗಿಂತ ಎಷ್ಟು ವರ್ಷ ಮೊದಲೇ ಜಾರಿಹೋಗುತ್ತವೋ. ಹಾರ್ನಿನ ಮೇಲಿನ ನನ್ನ ಕೈಯನ್ನಾದರೂ ತೆಗೆಯಬಹುದಲ್ಲ ಎಂದುಕೊಂಡು ತೆಗೆದಿದ್ದೇನೆ. ಕಷ್ಟವಾಗುತ್ತದೆ, ಆದರೆ ಬಿಟಿಎಂ ತಲುಪುವ ಹೊತ್ತಿನಲ್ಲಿ ವ್ಯತ್ಯಾಸವೇನೂ ಆಗಿಲ್ಲ.

ಮನೆ ಇನ್ನೂ ಕೆಡವಿಲ್ಲ. ಅಮ್ಮನ ಷರತ್ತು ನೋಡಿದ ಬಿಲ್ಡರು ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ. ವಾರದಲ್ಲಿ ಮೂರು ದಿನ ನಾನು ಮೆಟ್ರೊದಲ್ಲೇ ಬ್ಯಾಂಕಿಗೆ ಹೋಗುತ್ತೇನೆ; ಹೆಂಡತಿಗೆ ಅದರ ಸಂತೋಷ ಬೇರೆ. ಅಮ್ಮ ಎಲ್ಲಿಗೆ ಹೊರಟರೂ ಈಗ ಮುಂದಿನ ಸೀಟಿನಲ್ಲೇ ಕೂರುತ್ತಾಳೆ. ಬ್ಯಾಟರಿ ಬಿದ್ದರೆ ‘ಹುಡುಕಿ ಕೊಡೋ’ ಎಂದು ಕಾರು ನಿಲ್ಲಿಸುತ್ತಾಳೆ.

ಬನಶಂಕರಿ ಬಸ್ ನಿಲ್ದಾಣ ದಾಟಿದ ಮೇಲೂ ಈಗ ವೀಣೆ ಚೆನ್ನಾಗಿ ಕೇಳಿಸುತ್ತದೆ, ತಂಬೂರಿಯ ಸಮೇತ. ಆದರೆ ಅಮ್ಮ ಕಾರಿನಲ್ಲಿದ್ದರೆ ನಾನು ಹಾಕುವುದಿಲ್ಲ. ಮಾತಾಡುವುದಿರುತ್ತದೆ.